ಮುಚ್ಚಿದ ಬಾಯಿಯ ಮಾತು

ಮಗಳಿಗೆ ಆರು ತಿಂಗಳು ತುಂಬಿ ಎರಡು ವಾರವಾಗಿತ್ತು. ಹೆಂಡತಿಯ 26 ವಾರಗಳ ಹೆರಿಗೆ ರಜೆ ಮುಗಿದು ಅವಳು ಮತ್ತೆ ಆಫೀಸಿಗೆ ಹೋಗತೊಡಗಿದ್ದಳು. ನಾನು ಮನೆಯಿಂದಲೇ ಕೆಲಸ ಮಾಡುವವನಾದ್ದರಿಂದ ಮಗಳ ಹಗಲು ಹೊತ್ತಿನ ಊಟದ ಜವಾಬ್ದಾರಿ ನನ್ನ ಮೇಲೂ, ಮಂಡ್ಯದ ಕಡೆಯ ಹಳ್ಳಿಯಿಂದ ಬಂದಿದ್ದ ನನ್ನ ಅಮ್ಮನ ಮೇಲೂ ಬಿತ್ತು. ಆವತ್ತು ಹನ್ನೊಂದು ಗಂಟೆಗೆ ನನಗೊಂದು ಮೀಟಿಂಗ್ ಇತ್ತು. ಹತ್ತೂವರೆಗೆ ರಾಗಿ ಸರಿಯ ಬಟ್ಟಲು ಹಿಡಿದು ಕೂತೆ. ನಾಲ್ಕು ಚಮಚ ತಿಂದ ಮಗಳು ಐದನೆಯದಕ್ಕೆ ತುಟಿ ಬಿಗಿದಳು. ಬಟ್ಟಲಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಇನ್ನೊಂದು ಸಲ ಚಮಚ ಒಯ್ದೆ, ಮುಖ ತಿರುಗಿಸಿದಳು. ಎಡಗೈಯಲ್ಲಿ ಅವಳ ಎರಡೂ ಕೈ ಹಿಡಿದುಕೊಂಡೆ. ಅಳಲು ಬಾಯಿ ತೆರೆದಳು, ಚಮಚ ಒಳಗಿಟ್ಟೆ. ನುಂಗಿದಳು. ಮತ್ತೆ ಅಳಲು ತೆರೆದಾಗ ಇನ್ನೊಂದು. ಬಟ್ಟಲು ಖಾಲಿಯಾದಾಗ ಹನ್ನೊಂದಕ್ಕೆ ಇನ್ನೂ ಐದು ನಿಮಿಷವಿತ್ತು.

ಮರುದಿನ ನನ್ನ ಕೈಯಲ್ಲಿ ಚಮಚ ಕಂಡೊಡನೆ, ಅದರಲ್ಲಿ ಏನಿದೆಯೆಂದು ನೋಡುವುದಕ್ಕೂ ಮೊದಲೇ, ಅವಳು ಮುಖ ತಿರುಗಿಸಿದಳು. ಅದೇ ಬಟ್ಟಲಿನಿಂದ ಅಮ್ಮ ಕೊಟ್ಟರೆ ತಿಂದಳು. ಅವಳು ಬೇಡವೆಂದದ್ದು ರಾಗಿಯನ್ನಲ್ಲ.

ಇದನ್ನು ಹೇಳಿದಾಗ ಗೆಳೆಯರೆಲ್ಲ ನಕ್ಕರು. 'ಮಕ್ಕಳಿಗೆ ತಿನ್ನಿಸೋದೇ ಹಂಗಲ್ವಾ' ಅಂದರು. ನಗುವಂಥ ಸಂಗತಿಯೇ. ಅವಳಿಗೆ ಏನೂ ಆಗಿರಲಿಲ್ಲ. ಹೊಟ್ಟೆ ತುಂಬಿತ್ತು, ಮಧ್ಯಾಹ್ನ ಚೆನ್ನಾಗಿ ನಿದ್ದೆಯನ್ನೂ ಮಾಡಿದ್ದಳು. ಆದರೂ ನನಗೆ ಒಂದು ಮಾತು ಬಗೆಹರಿಯದೆ ಉಳಿಯಿತು. ದೊಡ್ಡವರೊಬ್ಬರ ಎರಡೂ ಕೈ ಹಿಡಿದು, ಬೇಡವೆಂದ ಮೇಲೂ ಬಾಯಿಗೆ ತುತ್ತು ತುರುಕಿದರೆ ಅದನ್ನು ಏನೆಂದು ಕರೆಯಬೇಕೆಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅದೇ ಕೆಲಸವನ್ನು ಆರು ತಿಂಗಳ ಮಗುವಿಗೆ ಮಾಡಿದರೆ ಅದರ ಹೆಸರು ಅಕ್ಕರೆ. ಈ ಎರಡು ಹೆಸರುಗಳ ನಡುವೆ ಬದಲಾದದ್ದೇನು? ಮಗುವಿಗೆ ತನ್ನ ಒಳಿತು ಗೊತ್ತಿಲ್ಲ ಎನ್ನುವುದೇ ಉತ್ತರವಾದರೆ, ಇನ್ನೂ ಯಾರ್ಯಾರ ಬಗ್ಗೆ ನಾವು ಹಾಗೆ ತೀರ್ಮಾನಿಸಬಹುದು?

ಎದೆಹಾಲು ಕುಡಿಯುವ ಮಗು ಎಷ್ಟು ಕುಡಿಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಬಾಟಲಿಗೆ ಗೆರೆಗಳಿರುತ್ತವೆ, ಮೊಲೆಗೆ ಇಲ್ಲ. ಹಸಿವಾದಾಗ ಮಗು ಕೇಳುತ್ತದೆ, ಸಾಕಾದಾಗ ತಾನೇ ಬಿಡುತ್ತದೆ. ತೂಕ ಏರುತ್ತಿದೆಯೇ, ದಿನಕ್ಕೆ ಎಷ್ಟು ಸಲ ಬಟ್ಟೆ ಒದ್ದೆಯಾಗುತ್ತಿದೆ ಎಂದು ನೋಡಿ ತಾಯಿ ಸಮಾಧಾನ ಪಟ್ಟುಕೊಳ್ಳಬೇಕು. ಅಂದರೆ ಹುಟ್ಟಿದಾಗಿನಿಂದ ಆರು ತಿಂಗಳ ತನಕ 'ಸಾಕು' ಎನ್ನುವ ಹಕ್ಕು ಪೂರಾ ಮಗುವಿನದೇ ಆಗಿತ್ತು. ಬಟ್ಟಲು ಬಂದ ದಿನ ಇದು ಬದಲಾಗುತ್ತದೆ. ಬಟ್ಟಲಿಗೆ ತಳವಿದೆ. ತಳ ಕಾಣಬೇಕೆಂಬ ಆಸೆ ತಿನ್ನಿಸುವವರಲ್ಲಿ ಹುಟ್ಟುತ್ತದೆ. ಮಗು ಹಸಿದಿದೆಯೇ ಎಂಬ ಪ್ರಶ್ನೆ ಇದ್ದ ಜಾಗದಲ್ಲಿ ಬಟ್ಟಲು ಖಾಲಿಯಾಯಿತೇ ಎಂಬ ಪ್ರಶ್ನೆ ಬಂದು ಕೂರುತ್ತದೆ. ಬೆಳೆಯುವ ಮಗು ಹಾಲಿನಿಂದ ಅನ್ನಕ್ಕೆ ಬರುವುದನ್ನು ನಾವು ಮುಂದಡಿ ಎಂದು ಹಬ್ಬ ಮಾಡುತ್ತೇವೆ. ಅದು ಮುಂದಡಿಯೇ ಹೌದು. ಆದರೆ ಅದೇ ದಿನ ಮಗು ಒಂದು ಸ್ವಾತಂತ್ರ್ಯವನ್ನು ಕಳೆದುಕೊಳ್ಳುವ ಸಾಧ್ಯತೆಯೂ ಶುರುವಾಗುತ್ತದೆ.

ಇದರಲ್ಲಿ ನನ್ನದೊಂದು ಸ್ವಾರ್ಥವೂ ಇತ್ತೆಂದು ಒಪ್ಪಿಕೊಳ್ಳಬೇಕು. ಆರು ತಿಂಗಳು ನಾನು ಪಕ್ಕದಲ್ಲಿ ನಿಂತವನು. ಬಟ್ಟೆ ಬದಲಿಸಿದೆ, ಎತ್ತಿ ಆಡಿಸಿದೆ, ರಾತ್ರಿ ಎದ್ದು ಹೆಗಲ ಮೇಲೆ ಹಾಕಿಕೊಂಡು ಓಡಾಡಿದೆ. ಕೊನೆಗೆ ಹಸಿವಾಯಿತೆಂದರೆ ಅವಳ ಅಮ್ಮನ ಕೈಗೇ ಕೊಡಬೇಕಿತ್ತು. ಹೆಂಡತಿಗೆ ಅದು ಸುಖವೆಂದೇನೂ ಅಲ್ಲ. ಎರಡು ಗಂಟೆಗೊಮ್ಮೆ ಎಚ್ಚರಾಗುವ ರಾತ್ರಿಗಳು, ಒಡೆದ ಮೊಲೆತೊಟ್ಟು, ಆಫೀಸಿನಲ್ಲಿ ಹಾಲು ಕಟ್ಟಿಕೊಂಡ ಎದೆಯ ನೋವು, ಇವೆಲ್ಲ ಅವಳೊಬ್ಬಳದೇ. ಆದರೂ ಉಣಿಸುವವರಿಗೆ ಸಿಗುವ ಆ ನೋಟ ನನಗೂ ಬೇಕಿತ್ತು. ರಾಗಿ ಸರಿಯ ಬಟ್ಟಲಿಗಾಗಿ ನಾನು ಕಾದಿದ್ದೆ. ಹಾಗೆ ಕಾದವನಿಗೆ ಅವಳು ಬಾಯಿ ಮುಚ್ಚಿದ್ದು ಬರೀ ಬೇಡವೆಂದಂತೆ ಕಾಣಲಿಲ್ಲ, ನನ್ನನ್ನೇ ಬೇಡವೆಂದಂತೆ ಕಂಡಿತು. ತಿನ್ನಿಸುವವರ ಸಿಟ್ಟಿನಲ್ಲಿ ಎಷ್ಟು ಪಾಲು ಮಗುವಿನ ಆರೋಗ್ಯದ ಚಿಂತೆ, ಎಷ್ಟು ಪಾಲು ತಮ್ಮ ಪ್ರೀತಿಯನ್ನು ಮಗು ನಿರಾಕರಿಸಿತೆಂಬ ನೋವು ಎಂದು ಬೇರ್ಪಡಿಸಿ ನೋಡುವುದು ಕಷ್ಟ.

ಆರು ತಿಂಗಳೇ ಯಾಕೆ? ಹುಟ್ಟುವಾಗ ಮಗು ತನ್ನ ಮೈಯಲ್ಲಿ ಕಬ್ಬಿಣಾಂಶದ ಬುತ್ತಿಯೊಂದನ್ನು ಕಟ್ಟಿಕೊಂಡು ಬಂದಿರುತ್ತದೆ. ತುಂಬು ತಿಂಗಳಿಗೆ ಹುಟ್ಟಿದ ಮಗುವಿಗೆ ಅದು ಸುಮಾರು ಆರು ತಿಂಗಳು ಸಾಲುತ್ತದೆ. ಎದೆಹಾಲಿನಲ್ಲಿ ಕಬ್ಬಿಣಾಂಶ ಕಡಿಮೆ, ಹಾಗಾಗಿ ಆಮೇಲೆ ಹೊರಗಿನ ಆಹಾರ ಬೇಕೇ ಬೇಕು. ಅದೇ ಹೊತ್ತಿಗೆ ಮಗುವಿನ ಕುತ್ತಿಗೆ ಗಟ್ಟಿಯಾಗಿ, ಆಸರೆ ಕೊಟ್ಟರೆ ಕೂರಲು ಬರುತ್ತದೆ. ಬಾಯಿಗೆ ಬಂದದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುವ ಹುಟ್ಟುಗುಣವೂ ಕುಂದುತ್ತದೆ. ಹಾಲು ನಿಲ್ಲುವುದಿಲ್ಲ. ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಅದು ಅನ್ನದ ಜೊತೆಗೇ ಸಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಇಷ್ಟು ಖಚಿತವಾಗಿ ಕಾಣುವ ಈ 'ಆರು' ಕೂಡ ತೀರಾ ಹಳೆಯದಲ್ಲ. 2001ಕ್ಕೂ ಮೊದಲು ಅದೇ ಸಂಸ್ಥೆಯ ಸಲಹೆ ನಾಲ್ಕರಿಂದ ಆರು ತಿಂಗಳು ಎಂದಿತ್ತು. ಅಮ್ಮನನ್ನು ಕೇಳಿದರೆ, 'ನಿಂಗೆ ಮೂರು ತಿಂಗಳಿಗೇ ಸರಿ ಹುಯ್ದಿದ್ದೆ ಕಣಪ್ಪ' ಅನ್ನುತ್ತಾಳೆ. ಮಗುವಿಗೆ ಯಾವಾಗ ಏನು ಬೇಕೆಂದು ಹೇಳುವ ಅಧಿಕಾರ ಅಜ್ಜಿಯ ಕೈಯಿಂದ ಡಾಕ್ಟರ ಕೈಗೆ, ಡಾಕ್ಟರ ಕೈಯಿಂದ ಗೋಡೆಯ ಮೇಲಿನ ಚಾರ್ಟಿಗೆ ಬಂದಿದೆ. ಜ್ಞಾನ ಬೆಳೆದಿದೆ, ಅದು ಒಳ್ಳೆಯದೇ. ಆದರೆ ಚಾರ್ಟು ಹೇಳುವುದು ಎಲ್ಲ ಮಕ್ಕಳ ಬಗ್ಗೆ. ತುಟಿ ಬಿಗಿಯುವುದು ಒಂದು ಮಗು.

ಅಮ್ಮ ಬರುವಾಗ ಒಂದು ಡಬ್ಬಿ ರಾಗಿ ಸರಿ ಹಿಟ್ಟು ತಂದಿದ್ದಳು. ಕಲ್ಲು, ದೂಳು ಆರಿಸಿ ತೊಳೆದು, ರಾತ್ರಿಯಿಡೀ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ ಬರುವಷ್ಟೇ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಿದ ಹಿಟ್ಟು. ಕರಾವಳಿ, ಮಲೆನಾಡಿನ ಕಡೆ ಇದೇ ರಾಗಿಯನ್ನು ನೆನೆಸಿ ರುಬ್ಬಿ, ಹಾಲು ಹಿಂಡಿ, ಬೆಲ್ಲ ಹಾಕಿ ಕಾಯಿಸಿದರೆ ಮಣ್ಣಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆಯೆಂದು ನಾನು ಓದಿ ತಿಳಿದೆ. ಮೊಳಕೆ ಬಂದ ಧಾನ್ಯದಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಗಟ್ಟಿಯಾಗದೆ ಮಗುವಿನ ಗಂಟಲಿಗೆ ಇಳಿಯುತ್ತದೆ. ಮಗುವಿನ ಹೊಟ್ಟೆ ಚಿಕ್ಕದು, ಅದರಲ್ಲಿ ನೀರಿಗಿಂತ ಹಿಟ್ಟು ಹೆಚ್ಚು ಹೋಗಬೇಕು. ಈ ಲೆಕ್ಕವನ್ನು ಅಮ್ಮ ಓದಿರಲಿಲ್ಲ. 'ಮೊಳಕೆ ಕಟ್ಟದಿದ್ರೆ ಮುದ್ದೆ ಆಯ್ತದೆ' ಅಂದಳು, ಅಷ್ಟೆ.

ಆ ಡಬ್ಬಿಯ ಜೊತೆ ಅವಳ ಚೀಲದಲ್ಲಿ ಇನ್ನೊಂದು ವಸ್ತುವೂ ಇತ್ತು. ಹಿತ್ತಾಳೆಯ ಒಳಲೆ. ಈಗಿನ ಹುಡುಗರು ಇದನ್ನು ನೋಡಿರಲಾರರು. ಅಂಗೈಯಗಲದ ಪುಟ್ಟ ಪಾತ್ರೆ, ಒಂದು ಕಡೆ ಕೊಕ್ಕಿನಂಥ ಬಾಯಿ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಕೈಗಳನ್ನು ಒತ್ತಿ ಹಿಡಿದು, ಕೊಕ್ಕನ್ನು ಬಾಯಿಗಿಟ್ಟು ಹುಯ್ಯುವುದು. ಅಳುವಿನ ನಡುವೆ ಉಸಿರು, ಉಸಿರಿನ ನಡುವೆ ಗುಟುಕು. ನಮ್ಮ ತಲೆಮಾರಿನ ಹಳ್ಳಿ ಮಕ್ಕಳೆಲ್ಲ ಹಾಗೆ ಬೆಳೆದವರು. ನಾನೂ ಅದೇ ಒಳಲೆಯಿಂದ ಕುಡಿದವನು. ಇದು ಬೇಡ, ಶ್ವಾಸನಾಳಕ್ಕೆ ಹೋದರೆ ಅಪಾಯ ಎಂದು ನಾನು ಅಮ್ಮನಿಗೆ ಖಡಾಖಂಡಿತವಾಗಿ ಹೇಳಿ, ಒಳಲೆಯನ್ನು ಶೋಕೇಸಿಗೆ ಸೇರಿಸಿದ್ದೆ. ಅಮ್ಮ ಬೇಜಾರು ಮಾಡಿಕೊಂಡರೂ ಸುಮ್ಮನಾದಳು. ಅದಾದ ವಾರದಲ್ಲೇ ನಾನು ಸ್ಟೀಲಿನ ಚಮಚದಿಂದ ಮಾಡಿದ್ದು ಒಳಲೆಯ ಕೆಲಸವೇ. ಪಾತ್ರೆ ಬದಲಾಗಿತ್ತು, ಕೈ ಬದಲಾಗಿರಲಿಲ್ಲ.

ಆದರೆ ಅಮ್ಮನ ಒಳಲೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲೂ ಆಗದು. ಅವಳು ಕಳೆ ಕೀಳಲು ಹೋಗುತ್ತಿದ್ದ ಕಾಲ ಅದು. ಬದುವಿನ ಹೊಂಗೆ ಮರಕ್ಕೆ ಸೀರೆಯ ಜೋಲಿ ಕಟ್ಟಿ ನನ್ನನ್ನು ಮಲಗಿಸುತ್ತಿದ್ದಳಂತೆ. ಆಳುಗಳೆಲ್ಲ ಸಾಲು ಹಿಡಿದು ಹೊರಟ ಮೇಲೆ ಒಬ್ಬಳೇ ಹಿಂದುಳಿಯುವಂತಿಲ್ಲ. ಸಿಕ್ಕ ಕಾಲು ಗಂಟೆಯಲ್ಲಿ ಮಗುವಿನ ಹೊಟ್ಟೆಗೆ ಏನಾದರೂ ಸೇರಬೇಕು. ಮಗುವಿನ ಇಷ್ಟಕ್ಕೆ ಕಾಯಲು ಹೊತ್ತು ಬೇಕು, ಹೊತ್ತು ಇಲ್ಲದವರಿಗೆ ಆ ನೀತಿಯನ್ನು ಬೋಧಿಸುವುದು ಎಷ್ಟು ಸರಿ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಆರರಿಂದ 23 ತಿಂಗಳ ಮಕ್ಕಳ ಪೈಕಿ ಬೇಕಾದಷ್ಟು ಸಲ, ಬೇಕಾದಷ್ಟು ಬಗೆಯ ಆಹಾರ ಸಿಗುತ್ತಿರುವುದು ಶೇಕಡ 11ರಷ್ಟು ಮಕ್ಕಳಿಗೆ ಮಾತ್ರ. ಉಳಿದ ಮನೆಗಳಲ್ಲಿ ಮಗು ಬಾಯಿ ಮುಚ್ಚಿತೇ ಎಂಬುದಕ್ಕಿಂತ ಬಟ್ಟಲಲ್ಲಿ ಏನಿತ್ತು ಎಂಬುದೇ ದೊಡ್ಡ ಪ್ರಶ್ನೆ. ಹಾಗಿರುವಾಗ ನಾಲ್ಕು ಚಮಚಕ್ಕೆ ಸಾಕೆಂದ ಮಗುವಿನ ಘನತೆಯ ಬಗ್ಗೆ ಬರೆಯುವುದು ಉಂಡವರ ತತ್ವಶಾಸ್ತ್ರವಲ್ಲವೇ ಎಂದು ಯಾರಾದರೂ ಕೇಳಿದರೆ ನಾನು ಸಿಟ್ಟಾಗುವಂತಿಲ್ಲ. ನನ್ನ ಉತ್ತರ ಇಷ್ಟೇ: ಅಮ್ಮನಿಗೆ ಹೊತ್ತು ಇರಲಿಲ್ಲ ಎನ್ನುವುದು ಅವಳ ತಪ್ಪಲ್ಲ, ಅವಳಿಗೆ ಹೊತ್ತು ಕೊಡದ ವ್ಯವಸ್ಥೆಯ ತಪ್ಪು. ಆ ಕಾಲು ಗಂಟೆಯಲ್ಲಿ ಇಬ್ಬರ ಕೈಯನ್ನೂ ಹಿಡಿದವರಿದ್ದರು. ಮಗುವಿನ ಕೈಯನ್ನು ತಾಯಿ, ತಾಯಿಯ ಕೈಯನ್ನು ಕೂಲಿಯ ಲೆಕ್ಕ. ನನ್ನ ವಿಷಯದಲ್ಲಿ ಆ ನೆಪವೂ ಇರಲಿಲ್ಲ. ಮೀಟಿಂಗಿಗೆ ಹತ್ತು ನಿಮಿಷ ತಡವಾದರೆ ಯಾರೂ ಕೂಲಿ ಕಡಿಯುತ್ತಿರಲಿಲ್ಲ.

ಮೊದಲ ತುತ್ತಿನಲ್ಲಿ ಯಾವಾಗಲೂ ದೊಡ್ಡವರ ಆಸೆ ಬೆರೆತಿರುತ್ತದೆ. ಗೃಹ್ಯಸೂತ್ರಗಳು ಅನ್ನಪ್ರಾಶನಕ್ಕೆ ಆರನೆಯ ತಿಂಗಳನ್ನೇ ಹೇಳಿವೆ. ಇಂದಿನ ವೈದ್ಯರ ಲೆಕ್ಕಕ್ಕೆ ಅದು ಹತ್ತಿರವಿರುವುದು ಕುತೂಹಲದ ಸಂಗತಿ. ಅದಕ್ಕಿಂತ ಕುತೂಹಲದ್ದು ಅಲ್ಲಿನ ಆಹಾರದ ಪಟ್ಟಿ. ಮಗು ಪುಷ್ಟವಾಗಲೆಂದು ಬಯಸುವವರು ಆಡಿನ ಮಾಂಸ, ಬ್ರಹ್ಮವರ್ಚಸ್ಸು ಬಯಸುವವರು ತಿತ್ತಿರಿ ಹಕ್ಕಿಯ ಮಾಂಸ, ತೇಜಸ್ಸು ಬಯಸುವವರು ತುಪ್ಪದನ್ನ ಉಣಿಸಬೇಕು. ಇದು ಮಗುವಿನ ಹಸಿವಿನ ಪಟ್ಟಿಯಲ್ಲ, ತಂದೆತಾಯಿಯ ಬಯಕೆಯ ಪಟ್ಟಿ. ಮಗು ಇನ್ನೂ ಬಾಯಿ ತೆರೆದಿಲ್ಲ, ಅದು ಏನಾಗಬೇಕೆಂಬುದು ಆಗಲೇ ಚಮಚದಲ್ಲಿದೆ. ಈಗ ಆಡಿನ ಮಾಂಸದ ಬದಲು ಮೆದುಳು ಚುರುಕಾಗುತ್ತದೆ, ಎತ್ತರ ಬೆಳೆಯುತ್ತದೆ ಎನ್ನುವ ಡಬ್ಬಿಗಳಿವೆ. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತಿಗೆ ನಮ್ಮಲ್ಲಿ 1992ರ ಕಾನೂನು ಮತ್ತು ಅದರ 2003ರ ತಿದ್ದುಪಡಿಯ ಕಡಿವಾಣವಿದೆ. ತಂದೆತಾಯಿಯ ಆಸೆಗೆ ಕಡಿವಾಣ ಹಾಕುವ ಕಾನೂನಿಲ್ಲ.

'ನಿನ್ನ ಒಳ್ಳೆಯದಕ್ಕೇ' ಎನ್ನುವ ಮಾತಿನ ಮೇಲೆ ಗಟ್ಟಿಯಾಗಿ ಪ್ರಶ್ನೆ ಎತ್ತಿದವನು ಜಾನ್ ಸ್ಟುವರ್ಟ್ ಮಿಲ್. 1859ರಲ್ಲಿ ಪ್ರಕಟವಾದ 'ಆನ್ ಲಿಬರ್ಟಿ'ಯಲ್ಲಿ ಅವನ ವಾದ ಸರಳವಾದದ್ದು. ಒಬ್ಬ ಇನ್ನೊಬ್ಬರಿಗೆ ಕೇಡು ಮಾಡುವುದನ್ನು ತಡೆಯಲು ಬಲ ಬಳಸಬಹುದು. ಅವನದೇ ಒಳಿತಿಗಾಗಿ ಅವನ ಮೇಲೆ ಬಲ ಬಳಸುವಂತಿಲ್ಲ. ಹಾಗೆ ಹೇಳಿದ ಕೂಡಲೇ ಮಿಲ್ ಒಂದು ಬೇಲಿ ಹಾಕಿದ: ಈ ಮಾತು ಮಕ್ಕಳಿಗೆ ಅನ್ವಯಿಸುವುದಿಲ್ಲ. ಅದು ಸರಿ ಎನಿಸುತ್ತದೆ. ಆದರೆ ಅದೇ ಉಸಿರಿನಲ್ಲಿ ಇನ್ನೂ ಬಾಲ್ಯಾವಸ್ಥೆಯಲ್ಲಿರುವ ಸಮಾಜಗಳಿಗೂ ಇದು ಅನ್ವಯಿಸದು ಎಂದ. ಮೂವತ್ತೈದು ವರ್ಷ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದವನು ಯಾವ ಸಮಾಜಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮನ್ನು ಆಳಲು 'ಇವರಿನ್ನೂ ಮಕ್ಕಳು' ಎಂಬ ಮಾತೇ ಸಾಕಾಗಿತ್ತು. ಹೆಂಗಸರಿಗೆ, ದಲಿತರಿಗೆ, ಕಾಡಿನ ಜನಕ್ಕೆ ನಾವೂ ಅದನ್ನೇ ಹೇಳಿಕೊಂಡು ಬಂದಿದ್ದೇವೆ. ಹಾಗಾದರೆ ಮೊದಲು ಕೇಳಬೇಕಾದದ್ದು, ಮಕ್ಕಳಿಗಾದರೂ ಅಷ್ಟೊಂದು ಬಲ ಬಳಸುವ ಹಕ್ಕು ನಮಗೆ ಯಾರು ಕೊಟ್ಟರು ಎಂಬುದು. ಅಧಿಕಾರದ ಆ ಭಾಷೆ ನಮಗೆ ಮೊದಲು ಕೇಳಿಸುವುದು ಊಟದ ಚಾಪೆಯ ಮೇಲೆ.

ಮಗುವಿಗೆ ನಿಜವಾಗಿಯೂ ಏನೂ ಗೊತ್ತಿಲ್ಲವೇ? 1926ರಲ್ಲಿ ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್ ಒಂದು ಪ್ರಯೋಗ ಶುರುಮಾಡಿದಳು. ಆಗಷ್ಟೇ ಹಾಲು ಬಿಡಿಸಿದ, ಬೇರೆ ಆಹಾರದ ರುಚಿಯನ್ನೇ ಕಾಣದ ಮಕ್ಕಳ ಮುಂದೆ ಬಗೆಬಗೆಯ ಆಹಾರವಿಟ್ಟು, ದಾದಿಯರು ಯಾವುದನ್ನೂ ತಾವಾಗಿ ಕೊಡಬಾರದು, ಹೊಗಳಬಾರದು, ಗದರಬಾರದು ಎಂದು ಕಟ್ಟುಮಾಡಿದಳು. ಮಗು ಕೈ ಚಾಚಿದರೆ ಮಾತ್ರ ಕೊಡಬೇಕು. ಹದಿನೈದು ಮಕ್ಕಳು, 34 ಬಗೆಯ ಆಹಾರ. ಒಂದೊಂದು ಮಗುವಿನ ಆಯ್ಕೆ ಒಂದೊಂದು ಥರ, ಒಂದೊಂದು ದಿನ ನೋಡಿದರೆ ಹುಚ್ಚಾಟ. ಆದರೆ ಒಟ್ಟಾರೆ ಮಕ್ಕಳು ಚೆನ್ನಾಗಿ ಬೆಳೆದವು. ರಿಕೆಟ್ಸ್ ಇದ್ದ ಮಗುವೊಂದರ ತಟ್ಟೆಯ ಜೊತೆ ಕಾಡ್ ಲಿವರ್ ಎಣ್ಣೆಯ ಲೋಟವನ್ನೂ ಇಟ್ಟಿದ್ದರು. ಅದು ರೋಗ ವಾಸಿಯಾಗುವ ತನಕ ಆಗಾಗ ಎಣ್ಣೆ ಕುಡಿದು, ಆಮೇಲೆ ಬಿಟ್ಟುಬಿಟ್ಟಿತು. ಇದನ್ನು ಓದಿ ಮಗುವಿನ ಮೈಗೆ ಎಲ್ಲವೂ ಗೊತ್ತು ಎಂದು ಹಿಗ್ಗುವವರಿಗೆ ಡೇವಿಸಳೇ ತಣ್ಣೀರೆರಚಿದಳು. ಗುಟ್ಟೆಲ್ಲ ಇರುವುದು ಆಹಾರದ ಪಟ್ಟಿಯಲ್ಲಿ ಎಂದಳು. ತಟ್ಟೆಯಲ್ಲಿ ಸಕ್ಕರೆ ಇರಲಿಲ್ಲ, ಮೈದಾ ಇರಲಿಲ್ಲ, ಕೆಟ್ಟದ್ದೇನೂ ಇರಲಿಲ್ಲ. ಮಕ್ಕಳು ಸ್ವತಂತ್ರವಾಗಿ ಆರಿಸಿದ್ದು ಹೌದು, ಆದರೆ ದೊಡ್ಡವರು ಆರಿಸಿಟ್ಟದ್ದರಲ್ಲಿ. ಇನ್ನೊಂದು ಮಾತನ್ನೂ ಮರೆಯಬಾರದು. ಆ ಮಕ್ಕಳು ಸಾಕಲಾಗದ ತಾಯಂದಿರ ಮಕ್ಕಳು ಅಥವಾ ಅನಾಥರು. ಆಯ್ಕೆಯ ಸ್ವಾತಂತ್ರ್ಯದ ಬಗ್ಗೆ ಪಾಠ ಹೇಳಿದ ಆ ಮಕ್ಕಳು ತಾವಲ್ಲಿರಬೇಕೆಂದು ಆರಿಸಿಕೊಂಡವರಲ್ಲ.

ಈ ಪಾಠವನ್ನೇ ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಮುಂದೆ ಒಂದು ಸೂತ್ರವಾಗಿ ಹಂಚಿದಳು. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಜವಾಬ್ದಾರಿ. ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನದು. ಕೇಳಲು ಸುಲಭ. ಆದರೆ ಗಮನಿಸಿ, ಇದು ಇಬ್ಬರನ್ನೂ ಕಟ್ಟಿಹಾಕುತ್ತದೆ. ಬಟ್ಟಲಿನ ತನಕ ನನ್ನ ರಾಜ್ಯ, ತುಟಿಯಿಂದಾಚೆ ಅವಳದು. ಜೇನುತುಪ್ಪವನ್ನು ಒಂದು ವರ್ಷದೊಳಗೆ ಅವಳು ಎಷ್ಟು ಕೈ ಚಾಚಿದರೂ ನಾನು ಕೊಡಕೂಡದು, ಅದರಲ್ಲಿ ಎಳೆಯ ಮಕ್ಕಳಿಗೆ ವಿಷವಾಗಬಲ್ಲ ಬ್ಯಾಕ್ಟೀರಿಯಾ ಇರಬಹುದು. ಅಲ್ಲಿ ಅವಳ ಇಷ್ಟ ನಡೆಯದು. ರಾಗಿ ಸರಿಯ ಐದನೆಯ ಚಮಚದಲ್ಲಿ ನನ್ನ ಇಷ್ಟ ನಡೆಯದು.

ಬಲ ಬಳಸದೆಯೂ ಗಡಿ ದಾಟುವ ದಾರಿಗಳನ್ನು ನಾವು ಕಂಡುಕೊಂಡಿದ್ದೇವೆ. ಒಂದು, ಹೆದರಿಕೆ. ಗುಮ್ಮ ಬರ್ತಾನೆ. ಎರಡು, ಮರುಳು ಮಾಡುವುದು. ಅಂಗಳಕ್ಕೆ ಎತ್ತಿಕೊಂಡು ಹೋಗಿ ಚಂದಮಾಮನನ್ನು ತೋರಿಸುತ್ತ, ಬೆರಗಿಗೆ ತೆರೆದ ಬಾಯಿಗೆ ತುತ್ತು ಇಡುವುದು. ಈಗ ಚಂದಮಾಮನ ಕೆಲಸವನ್ನು ಮೊಬೈಲು ಮಾಡುತ್ತಿದೆ. ಎರಡೂ ಒಂದೇ ಅಲ್ಲವೇ ಎಂದು ಹೆಂಡತಿ ಒಂದು ದಿನ ಕೇಳಿದಳು. ತುಂಬ ಯೋಚಿಸಿದೆ. ಎರಡರಲ್ಲೂ ಮಗುವಿಗೆ ತಿಳಿಯದಂತೆ ತುತ್ತು ಒಳಗೆ ಹೋಗುತ್ತದೆ, ಆ ಮಟ್ಟಿಗೆ ಎರಡೂ ಮೋಸವೇ. ಆದರೆ ಚಂದಮಾಮನನ್ನು ಉಣಿಸುವವರೂ ಮಗುವಿನ ಜೊತೆ ನೋಡುತ್ತಾರೆ. ಮಾತು, ಹಾಡು, ಕಥೆ ಅವರ ಬಾಯಿಂದ ಬರುತ್ತವೆ. ಮಗು ತುತ್ತನ್ನೂ ಮಾತನ್ನೂ ಒಬ್ಬರಿಂದಲೇ ಪಡೆಯುತ್ತದೆ. ಮೊಬೈಲು ನೋಡುವ ಮಗು ಒಂಟಿ. ಉಣಿಸುವ ಕೈ ಯಾರದೆಂಬುದೂ ಅದಕ್ಕೆ ಬೇಕಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಗಾದೆ ಊಟವನ್ನೂ ಮಾತನ್ನೂ ಒಟ್ಟಿಗೆ ಹೇಳಿರುವುದು ಸುಮ್ಮನಲ್ಲ. ಎರಡರ ಬಾಗಿಲೂ ಒಂದೇ. ಸಾಕು ಎನ್ನುವುದನ್ನು ಆ ಬಾಗಿಲಲ್ಲಿ ಕೇಳಿಸಿಕೊಳ್ಳದಿದ್ದರೆ, ಆ ಬಾಯಿಯಿಂದ ಮುಂದೆ ಬರುವ ಮಾತುಗಳನ್ನು ಕೇಳಿಸಿಕೊಳ್ಳುತ್ತೇವೆಂಬ ಭರವಸೆ ಏನು?

ಬಾಯಿ ಮುಚ್ಚುವುದು ಮನುಷ್ಯನ ಮೊದಲ ನಿರಾಕರಣೆ. ಕೊನೆಯದೂ ಅದೇ. ಬೇರೆಲ್ಲ ಕಳೆದುಕೊಂಡವರ ಬಳಿಯೂ ಆ ಒಂದು ಹಕ್ಕು ಉಳಿದಿರುತ್ತದೆ. ಗಾಂಧಿಗೆ ಅದು ಗೊತ್ತಿತ್ತು. ಮಣಿಪುರದ ಇರೋಮ್ ಶರ್ಮಿಲಾ 2000ದ ನವೆಂಬರಿನಿಂದ 2016ರ ಆಗಸ್ಟ್ ತನಕ ಬಾಯಿಗೆ ಅನ್ನ ಮುಟ್ಟಿಸಲಿಲ್ಲ. ಸರ್ಕಾರ ಮೂಗಿನ ಮೂಲಕ ನಳಿಕೆ ಇಳಿಸಿ ಆಕೆಯನ್ನು ಬದುಕಿಸಿತು. ಆಕೆಯ ಜೀವ ಉಳಿಯಿತು, ಆಕೆ ಕೇಳಿದ್ದು ಸಿಗಲಿಲ್ಲ. ಒಬ್ಬರಿಗೆ ಉಣಿಸುವುದೂ ಅವರ ಮಾತು ಕೇಳುವುದೂ ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಆರು ತಿಂಗಳ ಮಗು ಸತ್ಯಾಗ್ರಹಿಯಲ್ಲ, ನಿಜ. ಆದರೆ ಅದೇ ತುಟಿ, ಅದೇ ಬಿಗಿತ.

ಹಾಗಾದರೆ ಉಣಿಸುವ ಅಧಿಕಾರಕ್ಕೂ ಆಳುವ ಅಧಿಕಾರಕ್ಕೂ ವ್ಯತ್ಯಾಸ ಎಲ್ಲಿದೆ? ನನಗೆ ಹೊಳೆಯುವುದು ಒಂದೇ ಗುರುತು. ಉಣಿಸುವ ಅಧಿಕಾರ ನ್ಯಾಯವಾದದ್ದಾದರೆ ಅದು ತನ್ನ ಕೊನೆಯನ್ನು ತಾನೇ ಬಯಸುತ್ತದೆ. ಚಮಚ ನನ್ನ ಕೈಯಿಂದ ಅವಳ ಕೈಗೆ ಹೋಗಬೇಕೆಂದೇ ನಾನು ಉಣಿಸಬೇಕು. ಅವಳನ್ನು ಶಾಶ್ವತವಾಗಿ ಬಾಯಿ ತೆರೆದು ಕೂರಿಸಿಕೊಳ್ಳುವ ಆಸೆ ನನ್ನಲ್ಲಿದ್ದರೆ ನಾನು ಕಂಪನಿ ಸರ್ಕಾರದವನೇ. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯಲ್ಲಿ ಮಗ ಭೃಗು ತಂದೆ ವರುಣನ ಬಳಿ ಬ್ರಹ್ಮವನ್ನು ತಿಳಿಸಿಕೊಡೆಂದು ಬರುತ್ತಾನೆ. ವರುಣ ಉತ್ತರವನ್ನು ಬಾಯಿಗಿಡುವುದಿಲ್ಲ, ತಪಸ್ಸಿನಿಂದ ತಿಳಿ ಎನ್ನುತ್ತಾನೆ. ಭೃಗು ಮೊದಲು ಕಂಡುಕೊಳ್ಳುವುದು ಅನ್ನವೇ ಬ್ರಹ್ಮವೆಂದು. ಅಲ್ಲಿಗೇ ಅವನಿಗೆ ತೃಪ್ತಿಯಾಗುವುದಿಲ್ಲ, ಮತ್ತೆ ಬರುತ್ತಾನೆ. ವರುಣ ಮತ್ತೆ ಅದನ್ನೇ ಹೇಳಿ ಕಳಿಸುತ್ತಾನೆ. ಹೀಗೆ ಐದು ಸಲ. ಅನ್ನದ ಬಗ್ಗೆ ಇಷ್ಟು ಹೇಳುವ ಈ ಪಾಠದಲ್ಲಿ ಅಪ್ಪನೊಬ್ಬ ಮಗನಿಗೆ ತಿನ್ನಿಸದೆ ಇರುವುದೇ ಮುಖ್ಯ ಎಂಬುದು ನನಗೆ ಈಚೆಗೆ ಹೊಳೆಯಿತು. ನಮ್ಮ ತರಗತಿಗಳಲ್ಲಿ ಗೈಡುಗಳನ್ನು ಬಾಯಿಗೆ ತುರುಕಿಸಿಕೊಂಡು ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇಂಗ್ಲೆಂಡಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1941ರ ಒಂದು ಲೇಖನದಲ್ಲಿ ತನ್ನ ಕ್ಲಿನಿಕ್ಕಿನ ಒಂದು ಪದ್ಧತಿಯನ್ನು ವಿವರಿಸಿದ್ದಾನೆ. ತಾಯಿಯ ತೊಡೆಯ ಮೇಲೆ ಮಗು, ಕೈಗೆಟಕುವ ಹಾಗೆ ಮೇಜಿನ ಅಂಚಿನಲ್ಲಿ ಒಂದು ಹೊಳೆಯುವ ಲೋಹದ ಪಟ್ಟಿ. ಮಗು ಕೈ ಚಾಚುತ್ತದೆ, ತಟ್ಟನೆ ನಿಲ್ಲುತ್ತದೆ. ತಾಯಿಯ ಮುಖ, ವೈದ್ಯನ ಮುಖ ನೋಡುತ್ತದೆ. ಈ ಹಿಂಜರಿಕೆಯ ಹೊತ್ತಿನಲ್ಲಿ ಪಟ್ಟಿಯನ್ನು ಬಾಯಿಗಿಡಲು ಹೋದರೆ ಮಗು ಬಾಯಿ ಬಿಗಿಯುತ್ತದೆ, ಅಳುತ್ತದೆ. ಸುಮ್ಮನೆ ಕಾದರೆ, ಸ್ವಲ್ಪ ಹೊತ್ತಿಗೆ ಬಾಯಲ್ಲಿ ಜೊಲ್ಲು ತುಂಬಿ, ತಾನೇ ಎತ್ತಿಕೊಂಡು ಚೀಪುತ್ತದೆ. ಆಮೇಲೆ ಅದನ್ನು ದೊಡ್ಡವರ ಬಾಯಿಗೂ ಹಿಡಿಯುತ್ತದೆ. ಅವರು ತಿನ್ನುವಂತೆ ನಟಿಸಿದರೆ ಖುಷಿ, ನಿಜವಾಗಿ ಬಾಯಿಗೆ ಹಾಕಿಕೊಂಡರೆ ಆಟ ಕೆಡುತ್ತದೆ. ಮಗುವಿನ ಹಿಂಜರಿಕೆ ಅಡ್ಡಿಯಲ್ಲ, ಆಸೆ ಮಗುವಿನದಾಗಲು ಬೇಕಾದ ಹೊತ್ತು ಅದು. ಆ ಹೊತ್ತನ್ನು ಕಸಿದುಕೊಂಡರೆ ತಿಂದದ್ದು ಮೈಗೆ ಸೇರಬಹುದು, ಆದರೆ ತಿಂದವರು ಅವರಾಗಿರುವುದಿಲ್ಲ.

ನಾನು ಇದನ್ನೆಲ್ಲ ಓದಿದ್ದು ಆಮೇಲೆ. ಮಗಳು ನನ್ನ ಚಮಚ ಕಂಡು ಮುಖ ತಿರುಗಿಸಿದ ಮೂರನೆಯ ದಿನ ದಾರಿ ತೋರಿಸಿದ್ದು ಅಮ್ಮ, ಒಳಲೆಯ ಅಮ್ಮ. 'ಚಮಚ ಅವಳ ಕೈಗೇ ಕೊಟ್ಟುಬುಡು. ನೀನು ಸುಮ್ಕೆ ಕೂತ್ಕೊ' ಅಂದಳು. 'ನಿಂಗೆ ಹಿಂಗೆ ಮಾಡೋಕೆ ನಂಗೆ ಪುರುಸೊತ್ತಿತ್ತಾ' ಎಂದೂ ಸೇರಿಸಿದಳು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಬೇಸರವಿತ್ತು. ನಾಲ್ಕು ದಿನ ಚಾಪೆಯ ಮೇಲೆ ಖಾಲಿ ಚಮಚ ಇಟ್ಟು ಕೂತೆ. ಮೊದಲ ದಿನ ಮುಟ್ಟಲಿಲ್ಲ. ಎರಡನೆಯ ದಿನ ಎತ್ತಿ ಎಸೆದಳು. ಮೂರನೆಯ ದಿನ ಹಿಡಿಯ ಕಡೆಯಿಂದ ಚೀಪಿದಳು. ನಾಲ್ಕನೆಯ ದಿನ ಬಟ್ಟಲಿಗೆ ಕೈ ಹಾಕಿ, ರಾಗಿ ಸರಿಯನ್ನು ಕೆನ್ನೆಗೆ, ತಲೆಗೆ, ನನ್ನ ಅಂಗಿಗೆ ಬಳಿದು, ಎರಡು ಬೆರಳಷ್ಟನ್ನು ಬಾಯಿಗೂ ಹಾಕಿಕೊಂಡಳು. 'ಸಾಕು' ಎಂದಾಗ ಬಟ್ಟಲಲ್ಲಿ ಮುಕ್ಕಾಲು ಭಾಗ ಉಳಿದಿತ್ತು. ಅದನ್ನು ನೋಡುತ್ತ ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದು ಆವತ್ತು ತಿಳಿಯಿತು. ನನ್ನ ಕೈ ತಾನಾಗಿಯೇ ಚಮಚದ ಕಡೆ ಹೋಗುತ್ತಿತ್ತು.

ಈಗ ಅವಳಿಗೆ ಒಂಬತ್ತು ತಿಂಗಳು. ಮೊನ್ನೆ ಕೈಯಲ್ಲಿ ಹಿಸುಕಿ ಹಿಟ್ಟಾದ ಇಡ್ಲಿಯ ಚೂರೊಂದನ್ನು ನನ್ನ ಬಾಯಿಗೆ ಹಿಡಿದಳು. ಆಗಷ್ಟೇ ಊಟ ಮುಗಿಸಿದ್ದ ನಾನು ತಲೆ ಅಲ್ಲಾಡಿಸಿ ಬಾಯಿ ಮುಚ್ಚಿದೆ. ಅವಳು ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ನನ್ನ ಮೂಗು ಹಿಡಿದು ಚೂರನ್ನು ತುಟಿಗೆ ಒತ್ತಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ, 'ಯಾರ ಮಗಳು ಹೇಳು' ಎಂದು ನಕ್ಕಳು. ನನಗೂ ನಗು ಬಂತು. ಆ ಕೈ ಯಾರಿಂದ ಕಲಿತದ್ದು ಎಂಬ ಪ್ರಶ್ನೆ ಮಾತ್ರ ನಗುವಿನ ಜೊತೆ ಹೋಗಲಿಲ್ಲ. ಬಾಯಿ ತೆರೆಯದೆಯೇ 'ಆಮ್' ಎಂದು ತಿಂದಂತೆ ನಟಿಸಿದೆ. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೈ ಹಿಂದೆಗೆದು, ಚೂರನ್ನು ತನ್ನ ಬಾಯಿಗೆ ಹಾಕಿಕೊಂಡಳು.